ಬೊಂಬೆಗೆ ಕಣ್ಣು ಹಾಕುವ ಕೆಲಸ

3 ಏಪ್ರಿಲ್ 2006, ಸೋಮವಾರ

ಗೊಬ್ಬರದಂಗಡಿಯವರು ಸಂಕ್ರಾಂತಿಗೆ ಕೊಟ್ಟ ಡೈರಿ ಇದು. ಇಷ್ಟು ದಿನ ಗೂಟಕ್ಕೆ ನೇತುಹಾಕಿದ ಚೀಲದಲ್ಲಿ ಬಿದ್ದಿತ್ತು. ಇವತ್ತು ತೆಗೆದೆ. ಕೈಗೆ ಕೆಲಸವಿಲ್ಲದವನು ಬಾಯಿಗೆ ಕೆಲಸ ಕೊಡುತ್ತಾನೆ ಎಂದು ನಮ್ಮವ್ವ ಅನ್ನುತ್ತಿದ್ದಳು. ಬಾಯಿಗೆ ಕೊಟ್ಟರೆ ಮನೆಯಲ್ಲಿ ಜಗಳವಾಗುತ್ತದೆ, ಅದಕ್ಕೇ ಪೆನ್ನಿಗೆ ಕೊಟ್ಟಿದ್ದೇನೆ.

ಚನ್ನಪಟ್ಟಣದಲ್ಲಿ ಮುಕ್ತಿಯಾರ್ ಸಾಬರ ಕಾರ್ಖಾನೆಯ ಕೊನೆಯ ಲೇತನ್ನು ಇವತ್ತು ಟೆಂಪೋಗೆ ಹೇರಿದರು. ಅದರ ಮುಂದೆ ಕೂತೇ ನಾನು ಮರದ ಬೊಂಬೆ ಕಡೆದದ್ದು, ಅರಗು ಹಚ್ಚಿದ್ದು, ಮುಖ ಬರೆದದ್ದು. ತಲೆ ನೆರೆತದ್ದೂ ಅಲ್ಲೇ. ಈಗ ಎಲ್ಲ ಕಡೆ ಚೀನಾದ ಪ್ಲಾಸ್ಟಿಕ್ ಬೊಂಬೆ. ಗುಂಡಿ ಒತ್ತಿದರೆ ಅಳುತ್ತದೆ, ಇನ್ನೊಂದು ಒತ್ತಿದರೆ ಹಾಡುತ್ತದೆ. ನಮ್ಮ ಬೊಂಬೆಗೆ ಸುಮ್ಮನಿರುವುದೊಂದೇ ಗೊತ್ತಿತ್ತು. ಅಂಥದ್ದು ಯಾರಿಗೆ ಬೇಕು?

ಖಾಲಿಯಾದ ಶೆಡ್ಡಿನಲ್ಲಿ ಸಾಬರ ಸೊಸೆ ಫಿರೋಜಾ ಉಲ್ಲನ್ ದಾರದ ಮೂಟೆಗಳನ್ನು ಇಳಿಸಿದ್ದಾಳೆ. ಕೊಕ್ಕೆ ಕಡ್ಡಿಯಲ್ಲಿ ದಾರ ಹೆಣೆದು ಮಾಡುವ ಬೊಂಬೆ, ಕ್ರೋಶಾ ಅನ್ನುತ್ತಾರೆ. ಫಾರಿನ್ನಿಗೆ ಹೋಗುತ್ತವಂತೆ. ನಮ್ಮ ಹೊಂಗನೂರಿನ ಹೆಂಗಸರು ಮನೆಯಲ್ಲೇ ಹೆಣೆದು ಕೊಡುತ್ತಾರೆ. ನನ್ನ ಹೆಂಡತಿ ಕೃಷ್ಣಮ್ಮನೂ ಹೋದ ವರ್ಷದಿಂದ ಆ ಗುಂಪಿನಲ್ಲಿದ್ದಾಳೆ.

"ಏನ್ಲಾ ಲಕ್ಕ, ನೀನೂ ಒಂದು ಕಡ್ಡಿ ಇಸ್ಕೊಳ್ಳಲಾ" ಎಂದು ಸಾಬರು ನಕ್ಕರು. ನಾನು ನಗಲಿಲ್ಲ. ಆಮೇಲೆ ಅವರೂ ನಗುವುದನ್ನು ನಿಲ್ಲಿಸಿ ಟೆಂಪೋ ಹೋದ ದಾರಿ ನೋಡುತ್ತಾ ನಿಂತರು.

ನಾನು ಕುರಿ ಸಾಕುವ ಮನೆಯಲ್ಲಿ ಹುಟ್ಟಿದವನು. ನಮ್ಮಣ್ಣನ ಕುರಿಗಳ ಉಣ್ಣೆ ಕೇಳುವವರಿಲ್ಲದೆ ಹಟ್ಟಿಯಲ್ಲಿ ಕೊಳೆಯುತ್ತಿದೆ. ಕುರಿಯ ಮುಖವನ್ನೇ ಕಾಣದ ಉಣ್ಣೆ ಲೂಧಿಯಾನದಿಂದ ಲಾರಿಯಲ್ಲಿ ಬರುತ್ತಿದೆ. ಕಲಿಗಾಲ ಅಂದರೆ ಇದೇ ಇರಬೇಕು.

ಬೇರೆ ವಿಶೇಷವಿಲ್ಲ.

11 ಏಪ್ರಿಲ್, ಮಂಗಳವಾರ

ಇವತ್ತು ನಕ್ಕು ನಕ್ಕು ಬಿಕ್ಕಳಿಕೆ ಬಂತು. ಫಿರೋಜಾ ಸ್ಕೂಟಿಯಲ್ಲಿ ಬಂದು ಕೃಷ್ಣಮ್ಮನ ಬೊಂಬೆಗಳ ಒಂದು ಚೀಲವನ್ನೇ ವಾಪಸ್ಸು ಕೊಟ್ಟು ಹೋದಳು.

"ಅಕ್ಕ, ಮೈ ಎಲ್ಲಾ ಸೂಪರ್ ಇದೆ. ಕಣ್ಣು ಮಾತ್ರ ಎಲ್ಲೆಲ್ಲೋ ಹೋಗ್ಬಿಟ್ಟಿದೆ. ಮುಂಚೆ ಹಿಂಗೆ ಮಾಡ್ತಿರಲಿಲ್ಲ ನೀವು."

ತೆಗೆದು ನೋಡಿದರೆ, ಅಪ್ಪಾ ಶಿವನೇ! ಒಂದಕ್ಕೆ ಒಂದು ಕಣ್ಣು ಹಣೆಯಲ್ಲಿ, ಇನ್ನೊಂದು ಕೆನ್ನೆಯಲ್ಲಿ. ಮತ್ತೊಂದಕ್ಕೆ ಎರಡೂ ಕಣ್ಣು ಮೂಗಿನ ಮೇಲೆ ಬಂದು ಗುಟ್ಟು ಮಾತಾಡುತ್ತಿದ್ದವು. ಇಂಥ ಬೊಂಬೆ ಕೊಟ್ಟರೆ ಫಾರಿನ್ ಮಕ್ಕಳು ಚಳಿಜ್ವರ ಬಂದು ಮಲಗುತ್ತವೆ ಎಂದೆ. ಕೃಷ್ಣಮ್ಮ ಜಗಳಕ್ಕೆ ಬರುತ್ತಾಳೆ ಅಂದುಕೊಂಡಿದ್ದೆ, ಬರಲಿಲ್ಲ. ದಾರದ ಉಂಡೆಯನ್ನು ಪೂರ್ತಿ ಸುತ್ತಿ ಇಟ್ಟಳು. ಆಮೇಲೆ ಅಂದಳು, "ಅಷ್ಟ್ ಬಲ್ಲೋರು ನೀವೇ ಆಕಿ ನೋಡಣ."

ಇದು ನನಗೆ ಸವಾಲು. ಮಣಿ, ಗುಂಡಿ ಅಂಟಿಸುವ ಹಾಗಿಲ್ಲವಂತೆ. ಅಲ್ಲಿಯ ಮಕ್ಕಳು ಕಂಡದ್ದನ್ನೆಲ್ಲ ನುಂಗುತ್ತವಂತೆ. ಕಣ್ಣು, ಹುಬ್ಬು, ಬಾಯಿ ಎಲ್ಲ ದಾರದಲ್ಲೇ ಹೊಲಿಯಬೇಕು. ಹೊಲಿಗೆ ನನ್ನ ಕೆಲಸವಲ್ಲ, ಆದರೆ ಮುಖ ನನ್ನ ಕೆಲಸ. ತೋರಿಸಿಯೇ ಬಿಡುತ್ತೇನೆ.

14 ಏಪ್ರಿಲ್, ಶುಕ್ರವಾರ

ಒಳ್ಳೆಯ ದಿನವೆಂದು ಇವತ್ತು ಶುರು ಮಾಡಿದೆ. ನನಗೆ ಮುಖ ಬರೆಯುವುದನ್ನು ಕಲಿಸಿದ ರಾಮಲಿಂಗಯ್ಯ ಗುರುಗಳದ್ದು ಮೂರು ಕಟ್ಟಳೆ. ಕಣ್ಣು ಎಲ್ಲಕ್ಕಿಂತ ಕೊನೆಗೆ. ಅಮಾವಾಸ್ಯೆಯ ದಿನ ಕಣ್ಣು ಹಾಕಕೂಡದು. ಕಣ್ಣು ತೆರೆದ ಕೂಡಲೇ ಕನ್ನಡಿ ಹಿಡಿಯಬೇಕು, ಬೊಂಬೆಯ ಮೊದಲ ನೋಟ ಅದರ ಮೇಲೇ ಬೀಳಬೇಕು. ದೇವರ ವಿಗ್ರಹಕ್ಕೆ ಹೇಗೋ ಬೊಂಬೆಗೂ ಹಾಗೆ. ಮಾಡಿದವನ ಮೇಲೆ ಬಿದ್ದರೆ ಮಾಡಿದವನಿಗೆ ಏಳಿಗೆಯಿಲ್ಲ. ಸಾಬರ ಕಾರ್ಖಾನೆಯಲ್ಲಿ ದಿನಕ್ಕೆ ನೂರು ಬೊಂಬೆ ಬರೆಯುವಾಗ ಕನ್ನಡಿ ಹಿಡಿಯಲು ಯಾರಿಗೆ ಪುರುಸೊತ್ತಿತ್ತು? ಏಳಿಗೆಯಾಗದೆ ಇದ್ದದ್ದು ಅದಕ್ಕೇ ಇರಬಹುದು.

ಗಡ್ಡ ಹೆರೆಯುವ ಕನ್ನಡಿಯನ್ನು ಎದುರಿಗಿಟ್ಟುಕೊಂಡು ಕೂತೆ. ಗುಂಡುಸೂಜಿ ಚುಚ್ಚಿ ಜಾಗ ಗುರುತು ಮಾಡಿ, ಕಪ್ಪು ದಾರ ತುಂಬಿ, ಕೊನೆಗೆ ಬಿಳಿ ದಾರದ ಒಂದೇ ಒಂದು ಹೊಲಿಗೆ, ಕಣ್ಣಿನ ಮೂಲೆಯಲ್ಲಿ. ಆ ಬಿಳಿ ಚುಕ್ಕೆ ನನ್ನ ಗುಟ್ಟು. ಅದು ಬಿದ್ದರೆ ಬೊಂಬೆಗೆ ಒಂದು ಠೀವಿ ಬರುತ್ತದೆ.

ಕೃಷ್ಣಮ್ಮ ಬೊಂಬೆಯ ಮುಖದ ಮೇಲೆ ಬೆರಳಾಡಿಸಿ, "ಚೆಂದಾಗವೆ ಕನ" ಅಂದಳು. ಮದುವೆಯಾದ ಮೇಲೆ ನನ್ನ ಕೆಲಸವನ್ನು ಇವಳು ಹೊಗಳಿದ್ದು ಇದೇ ಮೊದಲು. ಬಾಗಿಲಿಗೆ ಅಗುಳಿ ಹಾಕಿಕೊಂಡು ಇನ್ನೂ ನಾಲ್ಕು ಮುಗಿಸಿದೆ. ಗಂಡಸು ಸೂಜಿ ಹಿಡಿದು ಕೂತದ್ದನ್ನು ಊರಿನವರು ಕಂಡರೆ ಅರಳಿಕಟ್ಟೆಗೆ ಒಂದು ವರ್ಷಕ್ಕಾಗುವ ಮಾತು.

2 ಮೇ, ಮಂಗಳವಾರ

ನನ್ನ ಕಣ್ಣುಗಳು ಪಾಸಾದವು. ಫಿರೋಜಾ "ಯಾರು ಹಾಕಿದ್ದು ಅಕ್ಕ?" ಎಂದಾಗ ಇವಳು "ನಾನೇ" ಅಂದಳಂತೆ. ಹಾಗೇ ಹೇಳೆಂದು ನಾನೇ ಹೇಳಿಕೊಟ್ಟಿದ್ದೆ. ಆದರೂ ಯಾಕೋ ಹೊಟ್ಟೆ ಉರಿಯಿತು.

ಈಗ ನಮ್ಮ ಕೆಲಸ ಹೀಗೆ ಸಾಗಿದೆ. ಪಡಸಾಲೆಯಲ್ಲಿ ಅವಳು ಆ ಗೋಡೆಗೆ ಒರಗಿ ಮೈ ಹೆಣೆಯುತ್ತಾಳೆ, ನಾನು ಈ ಗೋಡೆಗೆ ಒರಗಿ ಮುಖ ಹಾಕುತ್ತೇನೆ. ಅವಳ ಸೂಜಿಗೂ ದಾರ ನಾನೇ ಪೋಣಿಸಿಕೊಡಬೇಕು. ಸೋಮಾರಿತನಕ್ಕೂ ಒಂದು ಮಿತಿ ಬೇಡವೇ? ಜೊತೆಗೆ ಜಂಬ ಬೇರೆ. ಕಣ್ಣು ಮುಚ್ಚಿಕೊಂಡು ಹೆಣೆಯುತ್ತಾಳೆ! ಬೆರಳಲ್ಲೇ ಕುಣಿಕೆ ಎಣಿಸುತ್ತಾ, ಇಲ್ಲದಿದ್ದರೆ ಸೂರು ನೋಡುತ್ತಾ, ನಾನೇನು ಕಡಿಮೆ ಎಂದು ತೋರಿಸಿಕೊಳ್ಳುವುದು. ನನ್ನ ಕೆಲಸ ಕಂಡು ಪೈಪೋಟಿಗೆ ಬಿದ್ದಿದ್ದಾಳೆ.

ಮುಗಿಸಿದ ಮುಖದ ಮೇಲೆ ಬೆರಳಾಡಿಸುವ ಚಾಳಿ ಇವಳಿಗೆ. ಎಣ್ಣೆ ಕೈಯಲ್ಲಿ ಮುಟ್ಟಬೇಡ, ಬಿಳಿ ಚುಕ್ಕೆ ಮಾಸುತ್ತದೆ, ನೋಡುವುದಿದ್ದರೆ ಕಣ್ಣಲ್ಲಿ ನೋಡು ಎಂದು ಗದರಿಸಿದೆ. ಆಗಿನಿಂದ ಮುಟ್ಟುವುದಿಲ್ಲ. ದೂರದಿಂದಲೇ ಹೊಗಳುತ್ತಾಳೆ.

19 ಮೇ, ಶುಕ್ರವಾರ

ಇಬ್ಬರೂ ಚನ್ನಪಟ್ಟಣಕ್ಕೆ ಹೊರಟು ರೋಡಿನಲ್ಲಿ ನಿಂತಿದ್ದೆವು. ದೂರದಲ್ಲಿ ಬರುತ್ತಿದ್ದ ಜಲ್ಲಿ ಲಾರಿಗೆ ಇವಳು ಕೈ ಅಡ್ಡ ಹಾಕಿದಳು. ಲಾರಿಯವನು ಬ್ರೇಕ್ ಹಾಕಿ, ನಮ್ಮ ಮುಂದಿನ ಮೂರು ತಲೆಮಾರಿಗೆ ಆಗುವಷ್ಟು ಬೈದು ಹೋದ. ಈಗ ಕ್ರಷರ್ ಲಾರಿ, ಗಾರ್ಮೆಂಟ್ಸ್ ಬಸ್ಸು, ಫ್ಯಾಕ್ಟರಿ ವ್ಯಾನು ಎಂದು ರೋಡಿನ ತುಂಬ ವಾಹನಗಳೇ. ಒಂದನ್ನು ಕಂಡರೆ ಒಂದರ ಹಾಗಿರುತ್ತದೆ ನಿಜ. ಆದರೆ ಕೆಂಪು ಬಸ್ಸಿಗೂ ಜಲ್ಲಿ ಲಾರಿಗೂ ವ್ಯತ್ಯಾಸ ತಿಳಿಯದಷ್ಟು ಮೈಮರೆವೇ?

"ಎಲ್ಲಿತ್ತೇ ನಿನ್ನ ಗ್ಯಾನ?" ಅಂದೆ.

"ಬಿಸ್ಲು ಕನ. ಕಣ್ಣಿಗೆ ಒಡೀತು" ಅಂದಳು.

ಮೋಡ ಮುಚ್ಚಿತ್ತು. ಮಾತಿಗೆ ಮಾತು ಕೊಡುವುದರಲ್ಲಿ ಇವಳನ್ನು ಮೀರಿಸುವವರಿಲ್ಲ.

4 ಜೂನ್, ಭಾನುವಾರ

ಫಿರೋಜಾಗೆ ಗುಟ್ಟು ತಿಳಿಯಿತು. ಹೇಳದೆ ಕೇಳದೆ ಒಳಗೆ ಬಂದುಬಿಟ್ಟಳು, ನನ್ನ ಕೈಯಲ್ಲಿ ಸೂಜಿ, ತೊಡೆಯ ಮೇಲೆ ಮೊಲದ ಬೊಂಬೆ. ಮೊಲವನ್ನು ಪಂಚೆಯೊಳಗೆ ಮುಚ್ಚಿಕೊಂಡೆ. ಕಿವಿ ಹೊರಗೇ ಉಳಿಯಿತು.

ನಗುತ್ತಾಳೆ ಅಂದುಕೊಂಡರೆ ದೂರು ತಂದಿದ್ದಳು. "ಲಕ್ಕಣ್ಣ, ಕಣ್ಣು ಫಸ್ಟ್ ಕ್ಲಾಸ್. ಆದ್ರೆ ಎಲ್ಲಾ ಬೊಂಬೆನೂ ಗುಸ್ಸಾದಲ್ಲಿ ಇದೆಯಲ್ಲ. ಮಕ್ಕಳಿಗೆ ಬೈಯೋಕೆ ಹೋಗ್ತಿರೋ ಹಂಗೆ. ಮಾಲು ತಗೊಳ್ಳೋ ಪಾರ್ಟಿಯವರು ಸ್ಮೈಲ್ ಕೇಳ್ತಾರೆ."

ನನಗೆ ನಗು ಬರುವುದಿಲ್ಲವೇ? ಮಾಡಿದೆ. ನಾಲ್ಕು ಸಲ ಬಿಚ್ಚಿ ಹೊಲಿದರೂ ಹಲ್ಲುನೋವಿನವನ ಬಾಯಿಯೇ ಬಂತು. ಕೃಷ್ಣಮ್ಮ ಕೂತಲ್ಲಿಂದಲೇ ಹೇಳಿದಳು, "ದಾರವ ಅಂಗ್ ಜಗ್ಗ್‌ಬ್ಯಾಡಿ. ಒಸಿ ಸಡ್ಲ ಬುಡಿ. ಸೂಜಿ ಎಳ್ಯೋ ಸದ್ದಲ್ಲೇ ಗೊತ್ತಾಯ್ತದೆ ನಿಮ್ ಸಿಟ್ಟು." ಸಡಿಲ ಬಿಟ್ಟೆ. ಬಾಯಿ ಬಾಗಿತು, ನಕ್ಕಿತು. ಹುಬ್ಬಿಗೂ ಇದೇ ಲೆಕ್ಕ. ಮೂಗಿನ ಕಡೆಯ ತುದಿ ಒಂದು ಹೊಲಿಗೆ ಇಳಿದರೆ ಕೋಪ, ಒಂದು ಹೊಲಿಗೆ ಏರಿದರೆ ಅಳು. ಮನುಷ್ಯನ ಇಡೀ ಸ್ವಭಾವ ಒಂದು ಹೊಲಿಗೆಯಲ್ಲಿದೆ.

21 ಜೂನ್, ಬುಧವಾರ

ಮುಖದ ಹುಚ್ಚು ಹಿಡಿದಿದೆ ನನಗೆ. ಬಸ್ಸಿನಲ್ಲಿ ಕೂತರೆ ಎಲ್ಲರ ಮುಖ ನೋಡುತ್ತೇನೆ. ಹುಬ್ಬು ಎಲ್ಲಿ ಮುರಿಯುತ್ತದೆ, ತುಟಿ ಎಲ್ಲಿ ಏಳುತ್ತದೆ. ಒಬ್ಬ ರೇಷ್ಮೆಗೂಡಿನ ವ್ಯಾಪಾರಿ "ಯಾಕ್ಲಾ ಅಂಗ್ ನೋಡ್ತೀಯ, ಸಾಲ ಕೊಟ್ಟಿದ್ದೀಯಾ?" ಎಂದು ಎದ್ದೇ ಬಿಟ್ಟ. ಬೊಂಬೆಗಾಗಿ ಎಂದು ಹೇಳುವ ಹಾಗಿಲ್ಲ, ಹೇಳದೆ ಇರುವ ಹಾಗಿಲ್ಲ.

ಪರರ ಮುಖದಲ್ಲಿ ಕಲಿಯುವುದು ಎಷ್ಟಿದೆ! ಮನೆಯಲ್ಲಿ ನೋಡುವುದಕ್ಕೆ ಏನಿದೆ, ದಿನಾ ಇರುವ ಮುಖ.

ಮಗ ಶಿವರಾಜು ಬಿಡದಿಯ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾನೆ. ಶಿಫ್ಟು ಮುಗಿಸಿ ಬಂದರೆ ಮಲಗುವುದು, ಎದ್ದರೆ ಹೋಗುವುದು. ಇವತ್ತು ಎಚ್ಚರವಿದ್ದ. "ಅಪ್ಪ, ಅವ್ವಂಗೆ ಕಣ್ಣು ಸರ್ಯಾಗ್ ಕಾಣ್ತಾ ಇಲ್ಲ ಅನ್ಸತ್ತೆ. ಮುದ್ದೆ ಬಡುಸ್ವಾಗ ತಟ್ಟೆ ತಡಕ್ತಾಳೆ" ಅಂದ.

ಸೂಜಿ ಕೆಲಸ ಮಾಡುವವಳಿಗೆ ಕಣ್ಣು ಕಾಣುವುದಿಲ್ಲವಂತೆ! ನನ್ನ ಬೊಂಬೆಗಳ ಕಣ್ಣಿನ ಅಂದವನ್ನು ದಿನಾ ಹೊಗಳುತ್ತಾಳೆ, ಕುರುಡಿ ಹೊಗಳುತ್ತಾಳೆಯೇ? ನಿನ್ನದು ನಿದ್ದೆಗಣ್ಣು, ಹೋಗಿ ಮಲಗು ಅಂದೆ. ಮಲಗಿದ.

ಬೇರೆ ವಿಶೇಷವಿಲ್ಲ.

8 ಜುಲೈ, ಶನಿವಾರ

ಕಾಫಿಗೆ ಉಪ್ಪು. ಕೇಳಿದರೆ "ಡಬ್ಬ ಅದ್ಲು ಬದ್ಲು ಆಗಿತ್ತು" ಅಂದಳು. ಹಸಿರು ಕೂದಲಿನ ಹುಡುಗಿ ಬೊಂಬೆಯೊಂದನ್ನೂ ಹೆಣೆದಿದ್ದಾಳೆ. ಕಪ್ಪು ಉಂಡೆ, ಹಸಿರು ಉಂಡೆ ಪಕ್ಕದಲ್ಲಿದ್ದವಂತೆ. ಬುದ್ಧಿ ಎಲ್ಲೋ ಮೇಯಲು ಹೋಗಿದೆ. ಫಿರೋಜಾ ಮಾತ್ರ ಹಸಿರು ಕೂದಲು ಬಹಳ ಫ್ಯಾಷನ್ನು ಎಂದು ಅದನ್ನೇ ಎತ್ತಿಕೊಂಡು ಹೋದಳು. ತಪ್ಪು ಮಾಡಿದವರಿಗೇ ಕಾಲ.

25 ಜುಲೈ, ಮಂಗಳವಾರ. ಭೀಮನ ಅಮಾವಾಸ್ಯೆ

ಬೆಳಿಗ್ಗೆ ಗಂಡನ ಪಾದಪೂಜೆ. ವರ್ಷಕ್ಕೊಂದು ದಿನ ನಾನೂ ದೇವರು. ಕೃಷ್ಣಮ್ಮ ಮಣೆ ಹಾಕಿ ಕೂರಿಸಿ, ಕಾಲು ತೊಳೆದು, ಹಣೆಗೆ ಕುಂಕುಮ ಇಡಲು ಬಂದು ಮೂಗಿಗೆ ಇಟ್ಟಳು. ಉಳಿದದ್ದು ಮೀಸೆಗೆ. ದೇವರಿಗೂ ಇಷ್ಟು ಅಸಡ್ಡೆ ಮಾಡುತ್ತೀಯಾ ಎಂದು ಗೊಣಗಿಕೊಂಡು ಒರೆಸಿಕೊಂಡೆ.

ನಾಳೆ ಫಿರೋಜಾಗೆ ಮದುವಣಗಿತ್ತಿ ಬೊಂಬೆ ಕೊಡಬೇಕು. ದೊಡ್ಡ ಪಾರ್ಟಿಗೆ ತೋರಿಸುವ ಮಾದರಿ. ಹುಬ್ಬು, ಬಾಯಿ ನಿನ್ನೆಯೇ ಆಗಿತ್ತು. ಕಣ್ಣು ಮಾತ್ರ ಬಾಕಿ. ಅಮಾವಾಸ್ಯೆ ಎಂದು ಮುಟ್ಟಲಿಲ್ಲ, ನಾಳೆ ಬೆಳಿಗ್ಗೆ ಎದ್ದ ಕೂಡಲೇ ಹಾಕಿದರಾಯಿತು. ಅಷ್ಟರೊಳಗೆ ಜಡೆಗೆ ಕುಚ್ಚು ಕಟ್ಟಿಡು ಎಂದು ಅವಳ ಕೈಗೆ ಕೊಟ್ಟೆ.

ಅವಳು ಬೊಂಬೆಯನ್ನು ಮುಖದ ಹತ್ತಿರ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ, ನಗುತ್ತಾ ಅಂದಳು:

"ಈ ಸಲ ಕಣ್ಣು ಬೋ ಚೆಂದಾಗ್ ಬಂದವೆ ಕನ. ಜೀವ ಇದ್ದಂಗೇ ಅವೆ."

ಆ ಬೊಂಬೆಗೆ ಕಣ್ಣೇ ಇರಲಿಲ್ಲ.

ನನಗೆ ಮೊದಲು ಬಂದದ್ದು ಕೋಪ. ಇಷ್ಟು ದಿನ ಹೊಗಳಿದ್ದೆಲ್ಲ ಬೂಟಾಟಿಕೆ! ನೋಡದೆಯೇ ಚೆಂದ, ನೋಡದೆಯೇ ಜೀವ! ಎದ್ದು ಹಿತ್ತಲಿಗೆ ಹೋದೆ. ಹುಣಸೆಮರದ ಕೆಳಗೆ ಬೀಡಿ ಹಚ್ಚಿದೆ. ನೋಡದೆಯೇ ಎಂದು ಇನ್ನೊಂದು ಸಲ ಬಾಯಲ್ಲಿ ಅಂದುಕೊಂಡೆ. ಅಂದುಕೊಂಡದ್ದು ಆಗ ನನ್ನ ಕಿವಿಗೆ ಬಿತ್ತು. ಜಲ್ಲಿ ಲಾರಿ. ಉಪ್ಪು. ಹಸಿರು ಕೂದಲು. ಮೂಗಿನ ಮೇಲೆ ಕುಂಕುಮ.

ಬೀಡಿ ಬೆರಳು ಸುಟ್ಟಿತು.

26 ಜುಲೈ, ಬುಧವಾರ

ಎದುರಿಗೆ ಕೂತು ಕೈ ಎತ್ತಿ, ಎಷ್ಟು ಬೆರಳು ಎಂದು ಕೇಳಿದೆ. "ನಾನೇನ್ ಇಸ್ಕೂಲ್ ಐಕ್ಳಾ? ಸುಮ್ಕಿರಿ" ಅಂದಳು. ಮತ್ತೆ ಕೇಳಿದೆ. ದಾರದ ಉಂಡೆ ಕೈಗೆತ್ತಿಕೊಂಡಳು. ಆಮೇಲೆ ತಾನೇ ಬಾಯಿ ಬಿಟ್ಟಳು.

"ಬಲ್ಗಣ್ಣಲ್ಲಿ ಏನೂ ಇಲ್ಲ. ಎಡದ್ರಲ್ಲಿ ಬೆಳಕು ಕಾಣ್ತದೆ, ಮಂಜು ಕವುದಂಗೆ. ನೀವು ಅಲ್ಲಾಡಿದ್ರೆ ನೀವು ಅಂತ ಗೊತ್ತಾಯ್ತದೆ."

ಯಾಕೆ ಹೇಳಲಿಲ್ಲ ಎಂದು ಊರಿಗೇ ಕೇಳುವ ಹಾಗೆ ಕೂಗಾಡಿದೆ. ಅವಳು ಕೂಗಾಡಲಿಲ್ಲ. "ನಮ್ಮವ್ವ ಬೋರಮ್ಮ ಕಣ್ಣು ಕೊಯ್ಸಾಕೆ ಅಂತ ನಡ್ಕಂಡು ಓದವ್ಳು ಕೈ ಹಿಡಿಸ್ಕಂಡು ಬಂದ್ಲು. ಒಸಿ ಕಾಣ್ತಿದ್ದುದ್ದೂ ಓಯ್ತು. ನಂಗೆ ಇರೋದೇ ಒಸಿ. ಅದ್ನೂ ಕಳ್ಕಂಡು ಏನ್ ಮಾಡ್ಲಿ? ಹೇಳುದ್ರೆ ನೀವು ಎಳ್ಕಂಡ್ ಓಯ್ತೀರಿ." ದಾರದ ಉಂಡೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದಳು. "ಇನ್ನೊಂದು. ಮದ್ವೆ ಆದಾಗ್ನಿಂದ ನೀವು ನನ್ನೆದುರ್ಗೆ ಹಿಂಗೆ ಕುಂತಿದ್ದೇ ಇಲ್ಲ. ಬೊಂಬೆಗೆ ಕಣ್ಣಾಕೋ ನೆಪ್ದಲ್ಲಿ ಕುಂತ್ರಿ. ಅದ್ನ ಯಾಕ್ ಕೆಡುಸ್ಲಿ ಅಂತ."

ಹಾಗಾದರೆ ನನ್ನ ಕಣ್ಣುಗಳು ಚೆನ್ನಾಗಿವೆ ಎಂದದ್ದೆಲ್ಲ ಸುಳ್ಳೇ ಎಂದು ಕೇಳಿದೆ. ಕೇಳಬಾರದಿತ್ತು, ಬಾಯಿಗೆ ಬಂದುಬಿಟ್ಟಿತು.

29 ಜುಲೈ, ಶನಿವಾರ

ಆಸ್ಪತ್ರೆಗೆ ಬರುವುದಿಲ್ಲವಂತೆ. ನಾನು ಬೇಡಿಕೊಂಡೆ, ಬೈದೆ, ಶಿವರಾಜು ರಜೆ ಹಾಕಿ ಕೂತು ಹೇಳಿದ. ಈಗ ಹಳೇ ಕಾಲದ ಹಾಗಲ್ಲ, ಸಾಬರ ಹೆಂಡತಿಯೇ ಹೋದ ವರ್ಷ ಮಾಡಿಸಿಕೊಂಡು ಕುರಾನು ಓದುತ್ತಾರೆ ಎಂದು ಫಿರೋಜಾಳೂ ಬಂದು ಹೇಳಿದಳು. "ಅವ್ರಿಗೆ ಆಯ್ತು, ನಮ್ಮವ್ವಂಗೆ ಆಗ್ಲಿಲ್ಲ" ಎಂದು ಗೋಡೆ ಕಡೆ ತಿರುಗಿಕೊಂಡಳು.

ಸರಿ. ನನ್ನದೂ ಹಟ. ಇವಳು ಕಣ್ಣು ತೋರಿಸುವ ತನಕ ಈ ಮನೆಯಲ್ಲಿ ಯಾವ ಬೊಂಬೆಗೂ ನಾನು ಕಣ್ಣು ಹಾಕುವುದಿಲ್ಲ. ಬಾಯಿಬಿಟ್ಟು ಹೇಳಿದೆ. ಹೆಂಗಸರ ಕೆಲಸ ಎಂದು ನಗುತ್ತಿದ್ದವನು ಅದೇ ಕೆಲಸಕ್ಕೆ ಮುಷ್ಕರ ಹೂಡಿದ್ದೇನೆ. ಕಾರ್ಖಾನೆಯಲ್ಲಿ ಇಷ್ಟು ವರ್ಷ ದುಡಿದರೂ ಒಂದು ದಿನವೂ ಮಾಡಿದವನಲ್ಲ.

6 ಆಗಸ್ಟ್, ಭಾನುವಾರ

ಮುಷ್ಕರ ನಡೆದಿದೆ. ಅವಳು ಸಿಟ್ಟಿಗೆ ಎರಡರಷ್ಟು ಹೆಣೆಯುತ್ತಾಳೆ. ನಾನು ಹುಬ್ಬು, ಬಾಯಿ ಹಾಕಿ ಇಡುತ್ತೇನೆ. ಪಡಸಾಲೆಯಲ್ಲಿ, ಅಟ್ಟದ ಮೆಟ್ಟಿಲಲ್ಲಿ, ರಾಗಿ ತುಂಬಿಡುವ ವಾಡೆಯ ಮೇಲೆ, ಎಲ್ಲೆಲ್ಲೂ ಕಣ್ಣಿಲ್ಲದ ಮೊಲ, ಆನೆ, ಹುಡುಗಿ. ಎಲ್ಲವೂ ನಗುತ್ತಿವೆ. ಹಾಲಿನವನು ಒಳಗೆ ಇಣುಕಿ ನೋಡಿ, ನಾಳೆಯಿಂದ ಪಾತ್ರೆ ಹೊರಗಿಡಿ ಅಂದ. ಫಿರೋಜಾ ತಲೆ ಚಚ್ಚಿಕೊಳ್ಳುತ್ತಾಳೆ, ಆದರೆ ನನ್ನ ಪಕ್ಷಕ್ಕೇ ಸೇರಿದ್ದಾಳೆ.

9 ಆಗಸ್ಟ್, ಬುಧವಾರ

ಗೆದ್ದೆ.

ಮಧ್ಯಾಹ್ನ ನಾನು ಹೊರಗಿನಿಂದ ಬಂದಾಗ ಕೃಷ್ಣಮ್ಮ ನೆಲದ ಮೇಲೆ ಕೂತಿದ್ದಳು. ಬೊಂಬೆಗಳನ್ನು ಒಂದೊಂದಾಗಿ ತೊಡೆಯ ಮೇಲಿಟ್ಟುಕೊಂಡು ಮುಖ ಸವರುತ್ತಿದ್ದಳು. ಹುಬ್ಬು ಸಿಗುತ್ತದೆ, ಬಾಯಿ ಸಿಗುತ್ತದೆ, ನಡುವೆ ಬೆರಳು ಜಾರಿಹೋಗುತ್ತದೆ. ಇದನ್ನಿಟ್ಟು ಅದು, ಅದನ್ನಿಟ್ಟು ಇದು. ನಾನು ಬಂದ ಸದ್ದು ಕೇಳಿಯೂ ನಿಲ್ಲಿಸಲಿಲ್ಲ.

"ಇಷ್ಟೊಂದು ಕುರುಡು ಐಕ್ಳ ಕಟ್ಕಂಡು ಎಂಗ್ ಬಾಳ್ವೆ ಮಾಡನಾ?" ಅಂದಳು. "ನಡೀರಿ, ಎಲ್ಲಿಗ್ ಬೇಕಾರೂ ಬತ್ತೀನಿ. ಕಣ್ಣು ಓದ್ರೆ ನಿಮ್ಮುನ್ನೇ ಬೈತೀನಿ."

ಗೆದ್ದವನಿಗೆ ಆಗಬೇಕಾದ ಸಂತೋಷವೇನೂ ಆಗಲಿಲ್ಲ. ಹೆದರಿಕೆಯಾಯಿತು.

14 ಆಗಸ್ಟ್, ಸೋಮವಾರ

ರಾಮನಗರದ ಆಸ್ಪತ್ರೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬೆಳಕು ಬಿಟ್ಟು ನೋಡಿ ಹೇಳಿದರು, ಪೊರೆ ಬಲಿತು ಒತ್ತಡ ಹೆಚ್ಚಾಗಿ ಬಲಗಣ್ಣಿನ ನರ ಹೋಗಿದೆ, ಇನ್ನು ಬರುವುದಿಲ್ಲ. ಎಡಗಣ್ಣನ್ನು ಉಳಿಸಬಹುದು, ತಡ ಮಾಡಿದರೆ ಅದೂ ಇಲ್ಲ. "ಮನೆಯಲ್ಲಿ ಯಾರೂ ಗಮನಿಸಲಿಲ್ವಾ?"

ಶಿವರಾಜು ನನ್ನ ಕಡೆ ನೋಡಿದ. ನಾನು ಗೋಡೆಯ ಮೇಲಿನ ಅಕ್ಷರದ ಹಲಗೆ ನೋಡಿದೆ. ಕೆಳಗಿನ ಸಾಲಿನವರೆಗೂ ಚೆನ್ನಾಗಿ ಕಾಣಿಸಿತು. ಅದಕ್ಕೇ ಇನ್ನೂ ನಾಚಿಕೆಯಾಯಿತು.

ಆಪರೇಷನ್ನಿಗೆ ಇಪ್ಪತ್ತಮೂರನೇ ತಾರೀಕು ಬುಧವಾರ ಕೊಟ್ಟರು. ಮನೆಗೆ ಬಂದು ಕ್ಯಾಲೆಂಡರ್ ನೋಡುತ್ತೇನೆ, ಅಮಾವಾಸ್ಯೆ!

16 ಆಗಸ್ಟ್, ಬುಧವಾರ

ದಿನ ಬದಲಾಯಿಸಿ ಎಂದು ಕೇಳಿಕೊಳ್ಳಲು ಒಬ್ಬನೇ ರಾಮನಗರಕ್ಕೆ ಹೋಗಿದ್ದೆ. ಬೊಂಬೆಗೇ ಅಮಾವಾಸ್ಯೆಯಲ್ಲಿ ಕಣ್ಣು ಹಾಕುವುದಿಲ್ಲ ತಾಯಿ, ಮನುಷ್ಯರಿಗೆ ಹಾಕುವುದು ಹೇಗೆ ಎಂದೆ. ನರ್ಸಮ್ಮ ರಿಜಿಸ್ಟರ್ ಮಗುಚಿ, ಅದು ಬಿಟ್ಟರೆ ಗೌರಿ ಹಬ್ಬ ಕಳೆದು ಬಹಳ ದಿನಕ್ಕೇ, ಅಷ್ಟರಲ್ಲಿ ಕಣ್ಣು ಹೋದರೆ ನಿಮ್ಮ ಜವಾಬ್ದಾರಿ ಅಂದಳು. ಹಿಂದಕ್ಕೆ ಬರುವಾಗ ಬಸ್ಸಿನಲ್ಲಿ ಯಾರ ಮುಖವನ್ನೂ ನೋಡಲಿಲ್ಲ.

ಕೃಷ್ಣಮ್ಮನಿಗೆ ಹೇಳಬಾರದು ಅಂದುಕೊಂಡಿದ್ದೆ, ಹೇಳಿಬಿಟ್ಟೆ. ಈಗಲೇ ಹೆದರಿದವಳು, ಇನ್ನು ಬರುವುದೇ ಇಲ್ಲ ಅಂದುಕೊಂಡೆ. ಅವಳು ನಕ್ಕಳು. "ಬೊಂಬೆ ಸಾಸ್ತ್ರ ಬೊಂಬೆಗೆ. ನಾನೇನ್ ಬೊಂಬೆನಾ?"

ರಾಮಲಿಂಗಯ್ಯ ಗುರುಗಳೇ, ತಪ್ಪಾಯಿತು. ಒಂದು ಕಟ್ಟಳೆ ಮುರಿಯುತ್ತಿದ್ದೇನೆ. ಉಳಿದೆರಡು ಪಾಲಿಸುತ್ತೇನೆ.

23 ಆಗಸ್ಟ್, ಬುಧವಾರ. ಅಮಾವಾಸ್ಯೆ

ಆಯಿತು. ಕಣ್ಣಿಗೆ ಬಟ್ಟೆ ಕಟ್ಟಿದ್ದಾರೆ. ನಾಳೆ ಬಿಚ್ಚುತ್ತಾರಂತೆ.

24 ಆಗಸ್ಟ್, ಗುರುವಾರ

ಗಡ್ಡ ಹೆರೆಯುವ ಕನ್ನಡಿಯನ್ನು ಟವೆಲ್ಲಿನಲ್ಲಿ ಸುತ್ತಿ ತಂದಿದ್ದೆ. ಬಟ್ಟೆ ಬಿಚ್ಚುವಾಗ ಡಾಕ್ಟರಮ್ಮನ ಪಕ್ಕದಲ್ಲಿ ನಿಂತು ಅವಳ ಮುಖದ ಮುಂದೆ ಹಿಡಿದೆ. ಡಾಕ್ಟರಮ್ಮ ಏನಿದು ಅಂದರು. ಕಟ್ಟಳೆ ಅಂದೆ.

ಕೃಷ್ಣಮ್ಮ ಕಣ್ಣು ಬಿಟ್ಟಳು. ನೀರು ಸುರಿಯಿತು. ಬಹಳ ಹೊತ್ತು ಕನ್ನಡಿಯನ್ನೇ ನೋಡಿದಳು.

"ಯಾರಿದು ಮುದ್ಕಿ?" ಅಂದಳು.

ಶಿವರಾಜು ಅಳುವುದಕ್ಕೆ ಶುರು ಮಾಡಿದ. ಗಂಡುಮಗ ಆಸ್ಪತ್ರೆಯಲ್ಲಿ ನಿಂತು ಅಳುವುದೇ? ನಾನಂತೂ ಅಳಲಿಲ್ಲ, ಅಲ್ಲಿಯ ಔಷಧಿಯ ವಾಸನೆಗೆ ಕಣ್ಣಲ್ಲಿ ನೀರು ಬಂದಿತ್ತು ಅಷ್ಟೇ.

"ಆ ಕನ್ನಡಿ ಅತ್ಲಾಗ್ ಎತ್ತಿ. ಅದ್ರ ಹಿಂದ್ಗಡೆ ಇರೋದು ಕಾಣ್ಬೇಕು ನಂಗೆ."

ಅದರ ಹಿಂದೆ ಇದ್ದದ್ದು ನಾನು.

1 ಸೆಪ್ಟೆಂಬರ್, ಶುಕ್ರವಾರ

ಇವಳಿಗೆ ಕಣ್ಣು ಬಂದದ್ದೇ ನನಗೆ ಗ್ರಹಚಾರವಾಯಿತು.

ಕೆಲಸ ಮಾಡಬಾರದು, ಬಗ್ಗಬಾರದು ಎಂದು ಡಾಕ್ಟರು ಹೇಳಿದ್ದಾರೆ. ನೋಡಬಾರದು ಎಂದು ಹೇಳಿಲ್ಲವಲ್ಲ. ಕಪ್ಪು ಕನ್ನಡಕ ಹಣೆಗೇರಿಸಿ ಮನೆಯನ್ನೆಲ್ಲ ನೋಡಿದಳು. ಸೂರಿನಲ್ಲಿ ಜೇಡ, ಪಾತ್ರೆಯಲ್ಲಿ ಜಿಡ್ಡು, ನನ್ನ ಪಂಚೆಯಲ್ಲಿ ಕಲೆ. ಕೊನೆಗೆ ಬೊಂಬೆಗಳ ಹತ್ತಿರ ಬಂದಳು. ಮುಷ್ಕರ ಮುಗಿದ ಮೇಲೆ ಅಷ್ಟಕ್ಕೂ ಕಣ್ಣು ಹಾಕಿ ಮುಗಿಸಿದ್ದೆ. ಗೋಡೆಯ ಉದ್ದಕ್ಕೂ ಸಾಲಾಗಿ ಕೂರಿಸಿದ್ದೆ, ಒಂದು ಒಳ್ಳೆಯ ಮಾತಾಡಲಿ ಎಂದೇ.

ಒಂದೊಂದನ್ನೂ ಎತ್ತಿ, ಬೆಳಕಿಗೆ ಹಿಡಿದು, ಇಟ್ಟಳು. ಸಾಲಿನ ಕೊನೆಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಇದೇನ್ ಹಿಂಗವೆ? ಎಲ್ಲಾ ಅತ್ಲಾಗೇ ನೋಡ್ತವಲ್ಲ! ಎದುರ್ಗಿರೋರ್ನ ಒಂದಾರ ನೋಡ್ತದಾ? ತೇಟ್ ನಿಮ್ಮಂಗೇ."

ಅದು ಠೀವಿ, ಮೂಲೆಯ ಬಿಳಿ ಚುಕ್ಕೆಯ ಕೈಚಳಕ, ಫಿರೋಜಾ ಒಪ್ಪಿದ್ದಾಳೆ, ಫಾರಿನ್ನಿನವರು ಒಪ್ಪಿದ್ದಾರೆ, ಒಂದೇ ಕಣ್ಣಿನವಳು, ಅದೂ ಮೊನ್ನೆ ಬಂದ ಕಣ್ಣು, ನಿನಗೇನು ಗೊತ್ತು ಎಂದು ರೇಗಿದೆ. ಬಾಯಿ ರೇಗುತ್ತಿತ್ತು. ಒಳಗೆ ಮಾತ್ರ, ಬೈಯಲಿ, ಇನ್ನೂ ಬೈಯಲಿ, ಪ್ರತಿಯೊಂದು ಬೊಂಬೆಯ ತಪ್ಪನ್ನೂ ಎತ್ತಿ ಎತ್ತಿ ಹೇಳಲಿ ಎನ್ನುವ ಹಾಗೆ ಆಗುತ್ತಿತ್ತು. ಯಾಕೋ.

"ಮತ್ತೆ ಹೇಗಿರಬೇಕು, ಹೇಳು ನೋಡೋಣ" ಅಂದೆ.

ಅವಳು ಹತ್ತಿರ ಬಂದು ನನ್ನ ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿದಳು. "ಹಿಂಗೆ."

ನೋಡಿದೆ. ನೋಡದೆ ವಿಧಿಯಿರಲಿಲ್ಲ. ಎಡಗಣ್ಣು ಕೆಂಪಗೆ, ತೇವವಾಗಿ, ನೆಟ್ಟಗೆ ನನ್ನನ್ನೇ ನೋಡುತ್ತಿತ್ತು. ಬಲಗಣ್ಣು ನನ್ನ ಕಡೆಗಿದ್ದೂ ನೋಡುತ್ತಿರಲಿಲ್ಲ. ಆ ಬಲಗಣ್ಣಿನ ಹುಬ್ಬಿನ ನಡುವೆ ಸಣ್ಣ ಗಾಯದ ಗುರುತು, ಅಲ್ಲಿ ಕೂದಲಿಲ್ಲ.

"ಇದು ಯಾವಾಗ ಬಿದ್ದು ಮಾಡಿಕೊಂಡೆ? ಕಣ್ಣು ಕಾಣದೆ ಇದ್ದಾಗಲೇ?"

"ಅಯ್ಯೋ ನನ್ ಸಿವನೇ! ಧಾರೆ ಮಂಟಪ್ದಲ್ಲಿ ಕುಂತಾಗ್ಲೇ ಇತ್ತು ಕನ ಅದು" ಎಂದು ನಕ್ಕು, ಗಲ್ಲ ಬಿಟ್ಟು, ಒಲೆ ಕಡೆ ಹೋದಳು.

ಗೋಡೆಯ ಉದ್ದಕ್ಕೂ ಇರುವ ಅಷ್ಟೂ ಬೊಂಬೆಗಳ ಬಿಳಿ ಚುಕ್ಕೆ ಬಿಚ್ಚಿ ನಡುವೆ ಹಾಕಬೇಕು. ಇವಳ ಕಾಟ ತಾಳಲಾರದೆ ಒಪ್ಪಿಕೊಂಡಿದ್ದೇನೆ. ಬಾಗಿಲು ತೆರೆದೇ ಕೂತಿದ್ದೇನೆ, ಒಳಗೆ ಬೆಳಕು ಸಾಲದು.

ಬೇರೆ ವಿಶೇಷವಿಲ್ಲ.